ವಾಚೆ ಪಟ್ಟಿಯ ದಾಂಪತ್ಯಸುಖ

ಕುಮಾಸಿ ನಗರದ ವಿಶ್ವವಿದ್ಯಾಲಯದ ಮನಃಶಾಸ್ತ್ರ ವಿಭಾಗದಲ್ಲಿ ಪ್ರೊಫೆಸರ್ ಬಾಫೋರ್ ಅವರ ಸಮೀಕರಣವೆಂದರೆ ವೇದವಾಕ್ಯ. ಕಾದ ಗಾಳಿ ಹೇಗೆ ಸುಳಿಯುತ್ತದೆಂದು ಹೇಳುವ ಗಣಿತವನ್ನು ಎಲ್ಲಿಂದಲೋ ಎತ್ತಿಕೊಂಡು ಬಂದು ಗಂಡಹೆಂಡಿರ ತಲೆಗೆ ಕಟ್ಟಿದ್ದರು. ಒಂದು ಜಗಳಕ್ಕೆ 3.172 ನಗು ಇದ್ದರೆ ಸಂಸಾರ ಸುಖ, 3.171 ಆದರೆ ಮುಗಿಯಿತು ಕಥೆ. ಆ ಒಂದು ಚೂರು ನಗು ಎಂಥದ್ದು ಎಂದು ಯಾರೂ ಕೇಳುತ್ತಿರಲಿಲ್ಲ. ಗಣಿತ ಅರ್ಥವಾಗಿಲ್ಲ ಎಂದು ಒಪ್ಪಿಕೊಳ್ಳಬೇಕಾಗುತ್ತಿತ್ತಲ್ಲ.

ಅವರ ಶಿಷ್ಯೆ ಅರಾಬಾಳೂ ಕೇಳಿರಲಿಲ್ಲ. ಅವಳ ಪ್ರಬಂಧಕ್ಕೆ ಅವರ ಸಹಿ ಬೇಕು, ಶುಕ್ರವಾರವೇ ಕೊನೆಯ ದಿನ. ಎರಡು ವರ್ಷ ಮಾರುಕಟ್ಟೆಯ ಬಿಸಿಲಲ್ಲಿ ಅಲೆದು ಮುನ್ನೂರು ಹೆಂಗಸರ ಮಾತು ಬರೆದುಕೊಂಡು, ನಗುವೆಷ್ಟು ಜಗಳವೆಷ್ಟು ಎಂದು ಎಣಿಸಿ, ಆ ಸಮೀಕರಣ ಹಾಕಿದ್ದ ಕಂಪ್ಯೂಟರಿಗೆ ಕೊಟ್ಟಳು. ಚಿಟ್ಟೆಯಂಥ ಚೆಂದದ ಚಿತ್ರ ಮೂಡಿತು. ಆಮೇಲೆ ಕಡತದ ಹೆಸರು ನೋಡಿದಳು. ಅವಳು ಕೊಟ್ಟಿದ್ದು ಬೇರೆ ಕಡತ. ವಿಭಾಗಕ್ಕೆ ಮಧ್ಯಾಹ್ನದ ಊಟಕ್ಕೆ ವಾಚೆ, ಅಂದರೆ ಅಲಸಂದೆ ಬೆರೆಸಿದ ಅನ್ನ, ತರಿಸುವ ಹೊಣೆಯೂ ಅವಳದೇ. ಯಾರ ಅನ್ನಕ್ಕೆ ಎಷ್ಟು ಮೊಟ್ಟೆ, ಎಷ್ಟು ಮೀನು ಎಂಬ ಪಟ್ಟಿ ಅದು. ಸರಿಯಾದ ಕಡತ ಕೊಟ್ಟಳು. ಅದೇ ಚಿಟ್ಟೆ. ಏನೂ ಕೊಡದೆ ನೋಡಿದಳು. ಆಗಲೂ ಅದೇ ಚಿಟ್ಟೆ.

ಬಾಯಿ ಮುಚ್ಚಿಕೊಂಡಿದ್ದರೆ ಪದವಿ ಸಿಗುತ್ತಿತ್ತು. ಅವಳಿಂದ ಅದಾಗಲಿಲ್ಲ. ಗುರುವಾರ ಪ್ರಬಂಧದ ಜೊತೆಗೆ ವಾಚೆ ಪಟ್ಟಿಯ ಚಿತ್ರವನ್ನೇ ಅವರ ಮೇಜಿನ ಮೇಲಿಟ್ಟಳು.

"ಇದೇನು ಹೇಳುತ್ತೆ ಸರ್?"

"ಏನು ಹೇಳಲ್ಲ ಕೇಳು. ಈ ರೆಕ್ಕೆ ಒಲುಮೆ, ಆ ರೆಕ್ಕೆ ಮುನಿಸು. ಇಲ್ಲೊಂದು ಸುರುಳಿ ಇದೆ ನೋಡು ಮಗಳೇ, ಇದು ಅತ್ತೆ ಬಂದಾಗ ಆಗೋದು."

"ಅದು ನೀವು ಎರಡನೇ ಮೊಟ್ಟೆ ಕೇಳಿದ್ದು ಸರ್."

ಅವಳು ಎಲ್ಲವನ್ನೂ ಹೇಳಿದಳು. ಪ್ರೊಫೆಸರ್ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ನಿಜ ಹೇಳ್ಲಾ? ಆ ಗಣಿತ ನಂಗೂ ಪೂರ್ತಿ ತಿಳೀದು. ತಿಳಿದವರು ಯಾರಾದ್ರೂ ಬಂದು ಕೇಳ್ತಾರೆ ಅಂತ ಹನ್ನೆರಡು ವರ್ಷ ಹೆದರಿಕೊಂಡೇ ಇದ್ದೆ." ಪ್ರಬಂಧವನ್ನು ಹತ್ತಿರಕ್ಕೆ ಎಳೆದುಕೊಂಡು ಕೇಳಿದರು, "ಅದನ್ನ ಕಿತ್ತುಹಾಕಿದ್ರೆ ನಿನ್ನ ಪ್ರಬಂಧದಲ್ಲಿ ಉಳಿಯೋದೇನು?"

"ಹೆಂಗಸರ ಮಾತು ಸರ್. ಅದನ್ನ ನಾವು ಎಣಿಸಿದ್ವಿ, ಓದಲೇ ಇಲ್ಲ."

"ಒಂದು ಓದು."

ಚೀಲದಲ್ಲಿದ್ದ ಟಿಪ್ಪಣಿಗಳಲ್ಲಿ ಕೈಗೆ ಸಿಕ್ಕ ಹಾಳೆ ಟೊಮೇಟೊ ಮಾರುವವಳೊಬ್ಬಳದು. ಅರಾಬಾ ಓದಿದಳು: "ಜಗಳ ಆದ ದಿನ ನಾನು ಜೋರಾಗಿ ನಗ್ತೀನಿ. ಇಲ್ದಿದ್ರೆ ಅತ್ತಿದ್ದು ಮಕ್ಕಳಿಗೆ ಗೊತ್ತಾಗಿಬಿಡುತ್ತೆ."

"ಇದನ್ನ ಯಾವುದಕ್ಕೆ ಸೇರಿಸಿದ್ದೆ?"

"ನಗುವಿಗೆ ಸರ್."

ಪ್ರೊಫೆಸರ್ ಸಮೀಕರಣದ ಅಧ್ಯಾಯಕ್ಕೆ ಉದ್ದಕ್ಕೂ ಗೀಟು ಎಳೆದು, ಉಳಿದದ್ದಕ್ಕೆ ಸಹಿ ಹಾಕಿದರು.