ದೊಡ್ಡ ಫಿಲ್ಟರು

ಏರಿನ ಅರ್ಧಕ್ಕೆ ಬರುವಷ್ಟರಲ್ಲಿ ಮುತೆಂಗಿಯ ಬ್ರೇಕ್‌ಡೌನ್ ಗಾಡಿ ಎರಡನೇ ಗೇರಿಗೆ ಇಳಿದಿತ್ತು. ಹಿಂದೆ ಕೊಂಡಿಗೆ ಸಿಕ್ಕಿಸಿದ್ದು ಕೆಟ್ಟು ನಿಂತಿದ್ದ ಒಂದು ಸಣ್ಣ ಪಿಕಪ್ಪು, ಅದೂ ಖಾಲಿ. ಆದರೂ ಎಂಜಿನ್ನು ದಮ್ಮು ಹತ್ತಿದವರ ಹಾಗೆ ಏದುತ್ತಿತ್ತು. ಹೊಗೆ ಕೊಳವೆ ಕಪ್ಪಗೆ ಕಾರುತ್ತಿದ್ದ ಹೊಗೆಗೆ ಕನ್ನಡಿಯಲ್ಲಿ ಹಿಂದಿನ ರಸ್ತೆಯೇ ಕಾಣುತ್ತಿರಲಿಲ್ಲ. ಅಂಥ ಹೊಗೆಯನ್ನು ಸೀಳಿಕೊಂಡು ನೀಲಿ ಬಣ್ಣದ ಇನ್ನೊಂದು ಬ್ರೇಕ್‌ಡೌನ್ ಗಾಡಿ ಬಂತು. ಅದು ಕಿತೋಂಗಾನದು. ಅದರ ಹಿಂದೆ ಸರಪಳಿಗೆ ಬಿಗಿದುಕೊಂಡು ಒಂದು ಲಾರಿ ಬರುತ್ತಿತ್ತು, ಮೈತುಂಬ ಮರಳು ಹೊತ್ತು.

ಕಿತೋಂಗಾ ಕಿಟಕಿಯಿಂದ ಕೈ ಆಚೆ ಹಾಕಿ, "ಬರ್ಲಾ ಅಣ್ಣಾ!" ಎಂದು ಕೂಗಿದ. ಉತ್ತರಕ್ಕೆ ಕಾಯಲಿಲ್ಲ. ಗಾಡಿ, ಲಾರಿ, ಮರಳು ಎಲ್ಲವೂ ಮುತೆಂಗಿಯ ಪಕ್ಕದಲ್ಲಿ ಸರಿದು ಮುಂದೆ ಹೋದವು. ಅವನ ಗಾಡಿಗೆ ಹೊಗೆಯಿರಲಿಲ್ಲ. ಚಾ ಕುದಿಯುವ ಕೆಟಲಿನಂಥ ಸಣ್ಣ ಶಿಳ್ಳೆಯೊಂದೇ ಕೇಳಿಸಿತು. ಕ್ಯಾಬಿನ್ನಿನ ಬೆನ್ನಿಗೆ ನೀರಿನ ಕೊಡದಷ್ಟು ದಪ್ಪದ ಕಬ್ಬಿಣದ ಡಬ್ಬವೊಂದು ಕೂತಿತ್ತು. ಅದರಿಂದ ಕರಿಯ ಕೊಳವೆ ಎದ್ದು, ಧೂಳಿಗಿಂತ ಮೇಲೆ ಬಾಯಿ ತೆರೆದು ನಿಂತಿತ್ತು.

ಇಬ್ಬರ ಗಾಡಿಗಳೂ ಒಂದೇ ಕಂಪನಿಯವು, ಒಂದೇ ವರ್ಷದವು, ಮೊಂಬಾಸಾ ಬಂದರಿನ ಒಂದೇ ಅಂಗಳದಲ್ಲಿ ಸೆಕೆಂಡ್‌ಹ್ಯಾಂಡ್ ಕೊಂಡವು. ಇಷ್ಟು ವರ್ಷ ಈ ಏರಿನಲ್ಲಿ ಎರಡೂ ಒಂದೇ ಥರ ತಿಣುಕಿದ್ದವು. ಯಾರಿಗೆ ಮೊದಲು ಫೋನು ಬಂತೋ ಕೆಲಸ ಅವರದು, ಅದರಲ್ಲಿ ಜಗಳವಿರಲಿಲ್ಲ.

ಪಿಕಪ್ಪನ್ನು ಕಿಬ್ವೇಜಿ ಪೇಟೆಯಲ್ಲಿ ಬಿಟ್ಟು ಮುತೆಂಗಿ ಕಲೊಂಡುವಿನ ಚಾ ಅಂಗಡಿಗೆ ಬಂದ. ಕಲೊಂಡು ಹಿಟ್ಟಿನ ಮಂದಾಜಿ ಕರಿಯುತ್ತಿದ್ದವಳು ಎಣ್ಣೆಯಿಂದ ತಲೆಯೆತ್ತದೆ, "ಏನಪ್ಪಾ, ಹೆಂಡ್ತಿ ಕೈಗುಣ ನೋಡ್ದ್ಯಾ? ಕಿತೋಂಗಾನ ಗಾಡಿ ಈಗ ಮೇಕೆ ಹತ್ತಿದ ಹಾಗೆ ಹತ್ತುತ್ತಂತೆ," ಎಂದಳು.

"ಯಾರ ಕೈಗುಣ?"

"ಅಯ್ಯೋ, ಮನೇಲಿರೋನಿಗೇ ಗೊತ್ತಿಲ್ವಾ!"

ಬೆಂಚಿನ ಮೇಲಿದ್ದವರು ನಕ್ಕರು. ಮುತೆಂಗಿಯೂ ನಕ್ಕ. ಚಾ ಅರ್ಧಕ್ಕೇ ಬಿಟ್ಟು ಎದ್ದ.

ಹೆಂಡತಿ ಸ್ಯೋಂಬುವಾಳ ಗ್ಯಾರೇಜು ಅವಳ ಅಪ್ಪನಿಂದ ಬಂದದ್ದು. ಜಾಲಿಮರದ ಕೆಳಗೆ ನಾಲ್ಕು ಕಂಬ, ಮೇಲೆ ತಗಡು, ಹಿಂದೆಯೇ ಮನೆ. ಅವಳು ಟ್ರ್ಯಾಕ್ಟರೊಂದರ ಕೆಳಗೆ ಮಲಗಿದ್ದಳು, ಕಾಲುಗಳಷ್ಟೇ ಕಾಣುತ್ತಿದ್ದವು. ಮುತೆಂಗಿ ಕಾಲುಗಳನ್ನೇ ಕೇಳಿದ:

"ಕಿತೋಂಗಾನ ಗಾಡಿಗೆ ಏನ್ ಮಾಡಿದೀಯ?"

"ದೊಡ್ಡ ಏರ್ ಫಿಲ್ಟರ್ ಹಾಕಿದೀನಿ. ಟ್ರೇಲರ್ ಲಾರೀದು, ಗುಜರಿಲಿ ಸಿಕ್ತು. ಮೊದಲಿಂದು ಆ ಎಂಜಿನ್ನಿಗೆ ಎಲ್ಲಿ ಸಾಕು? ಈ ಧೂಳಿಗೆ ಎರಡೇ ದಿನಕ್ಕೆ ಕಟ್ಕೊಂಡ್ಬಿಡೋದು. ಉಸಿರೇ ಆಡದೆ ಭಾರ ಹ್ಯಾಗೆ ಎಳೆಯುತ್ತೆ?"

"ನಂದೂ ಅದೇ ಎಂಜಿನ್ನು."

"ಹೌದು."

"ಮತ್ತೆ?"

ಅವಳು ಹೊರಗೆ ಸರಿದು ಬಂದು ಎದ್ದು ಕೂತಳು. ಹಣೆಯ ಮೇಲೆ ಎಣ್ಣೆಯ ಗೆರೆಯಿತ್ತು.

"ಹೋದ ಬೇಸಿಗೇಲೇ ನಿನಗೆ ಹೇಳ್ದೆ, ಮ್ವಿಕಾಲಿ ಅಪ್ಪಾ. ನೀನೇನಂದೆ? 'ನನ್ನ ಗಾಡಿ ಮುಖಕ್ಕೆ ಈ ಮೂಗೇ ಸರಿಯಾಗಿದೆ' ಅಂದೆ. ಕಲೊಂಡು ಅಂಗಡೀಲಿ, ಎಲ್ಲರೆದುರಿಗೆ. ಎಲ್ಲರೂ ನಕ್ಕರು. ಕಿತೋಂಗಾ ನಗಲಿಲ್ಲ. ಮಾರನೇ ದಿನ ಬಂದು, ಅದೇನದು ಅತ್ತಿಗೆ, ಬಿಡಿಸಿ ಹೇಳು ಅಂದ."

ಮುತೆಂಗಿಗೆ ಆ ಮಾತು ನೆನಪಿತ್ತು. ಒಳ್ಳೆಯ ಮಾತು ಆಡಿದೆನೆಂದು ಆ ದಿನವೆಲ್ಲ ಹಿಗ್ಗಿದ್ದ. ಯಾರು ನಕ್ಕರು, ಯಾರು ನಗಲಿಲ್ಲ ಎಂದು ಅವನು ನೋಡಿರಲಿಲ್ಲ. ಇವಳು ನೋಡಿದ್ದಳು.

"ಎಷ್ಟು ಸಲ ಬಂದಿದ್ದ?"

"ಅಳತೆ ತಗೊಬೇಕು, ಪೈಪು ಕೂರಿಸ್ಬೇಕು. ಬರಬೇಕಾದಷ್ಟು ಸಲ ಬಂದ."

"ಚಾ ಕೊಟ್ಯಾ?"

ಸ್ಯೋಂಬುವಾ ಗಂಡನ ಮುಖ ನೋಡಿದಳು. "ಮುಥೊಕೊಯ್ ಕೂಡ ಬಡಿಸ್ದೆ. ಹಸ್ಕೊಂಡಿದ್ದ," ಎಂದು ಮತ್ತೆ ಟ್ರ್ಯಾಕ್ಟರಿನ ಕೆಳಗೆ ಸರಿದಳು.

ನನ್ನದಕ್ಕೂ ಒಂದು ಹಾಕು ಎನ್ನಬಹುದಿತ್ತು. ಕಿತೋಂಗಾನ ಗಾಡಿ ನೋಡಿ ತಾನು ಕೇಳುವುದೆ? ಆಮೇಲೆ ಊಟಕ್ಕೆ ಕೂತಾಗ ಜೋಳವೂ ಕಾಳೂ ಬೆಂದ ಆ ಮುಥೊಕೊಯ್ಯನ್ನು ತಟ್ಟೆಯಂಚಿಗೆ ತಳ್ಳಿದ. ಕಿತೋಂಗಾ ಈ ಮಣೆಯ ಮೇಲೇ ಕೂತಿದ್ದನೋ ಏನೋ. ಹೆಂಡತಿ ಸತ್ತ ಗಂಡಸು. ಮನೆಯೂಟ ಕಂಡು ಕಾಲವಾಗಿದ್ದವನು. ಇನ್ನೂ ಸ್ವಲ್ಪ ಹಾಕ್ಲಾ ಎಂದು ಇವಳು ಕೇಳಿರುತ್ತಾಳೆ. ತನ್ನನ್ನು ಹಾಗೆ ಕೇಳಿ ಎಷ್ಟು ದಿನವಾಯಿತೆಂದು ಯೋಚಿಸುತ್ತ ಕೂತ. ಅಷ್ಟರಲ್ಲಿ ಅವಳು ನಿಜವಾಗಿಯೂ ಕೇಳಿದಳು. "ಬೇಡ," ಎಂದು ಎದ್ದುಬಿಟ್ಟ.

ಮರುದಿನ ಬೆಳಿಗ್ಗೆ ಕಿತೋಂಗಾನ ನೀಲಿ ಗಾಡಿ ಗ್ಯಾರೇಜಿನ ಮುಂದೆಯೇ ನಿಂತಿತ್ತು. ಬಾನೆಟ್ಟು ತೆರೆದಿತ್ತು. ಕಿತೋಂಗಾ ರಸ್ತೆಯಾಚೆ ಬಾಳೆಹಣ್ಣು ಕೊಳ್ಳುತ್ತ ಫೋನಿನಲ್ಲಿ ಮಾತಾಡುತ್ತಿದ್ದ. ಅಥಿ ನದಿಯ ಮರಳಿನಲ್ಲಿ ಲಾರಿಯೊಂದು ಹೂತು ಕೂತಿದೆ, ಈಗಲೇ ಹೊರಟೆ ಎನ್ನುತ್ತಿದ್ದ. ಆ ಲಾರಿಗಳ ಯಜಮಾನ ಮೊದಲೆಲ್ಲ ಫೋನು ಮಾಡುತ್ತಿದ್ದುದು ಮುತೆಂಗಿಗೆ.

ಮುತೆಂಗಿ ಬಾನೆಟ್ಟಿನೊಳಗೆ ಬಗ್ಗಿ ನೋಡಿದ. ಹೊಸ ಕೊಳವೆ ಡಬ್ಬದಿಂದ ಬಂದು, ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊದ ಬಾಯಿಗೆ ನೀಟಾಗಿ ಸೇರಿತ್ತು. ಎಲ್ಲಿಯೂ ಒರಟಿಲ್ಲ, ಎಲ್ಲಿಯೂ ತಂತಿ ಸುತ್ತಿದ ತೇಪೆಯಿಲ್ಲ. ಹೆಂಡತಿ ಮನಸ್ಸಿಟ್ಟು ಮಾಡಿದ ಕೆಲಸ ಹೇಗಿರುತ್ತದೆಂದು ಅವನಿಗೆ ಗೊತ್ತಿತ್ತು. ಮಗಳು ಮ್ವಿಕಾಲಿಯ ಮೊದಲ ಅಂಗಿಯನ್ನು ಅವಳು ಹೀಗೆಯೇ ಹೊಲಿದಿದ್ದಳು. ಮಡ್‌ಗಾರ್ಡಿನ ಮೇಲೆ ಸ್ಕ್ರೂಡ್ರೈವರ್ ಇತ್ತು. ಅವನ ಕೈ ಅದನ್ನು ಎತ್ತಿಕೊಂಡಿತು. ಟರ್ಬೊದ ಬಳಿ ಕೊಳವೆಯನ್ನು ಬಿಗಿದಿದ್ದ ಕ್ಲ್ಯಾಂಪನ್ನು ಸಡಿಲಾಗುವ ತನಕ ತಿರುಗಿಸಿದ. ಕೊಳವೆ ಕೂತಲ್ಲೇ ಕೂತಿತ್ತು, ನೋಡಿದರೆ ಏನೂ ತಿಳಿಯುವಂತಿರಲಿಲ್ಲ. ಸಂದಿಯಲ್ಲಿ ಧೂಳು ನುಗ್ಗುತ್ತದೆ, ಟರ್ಬೊ ಸವೆಯುತ್ತದೆ, ದೊಡ್ಡ ಫಿಲ್ಟರಿನ ದೊಡ್ಡಸ್ತಿಕೆ ಮುಗಿಯುತ್ತದೆ. ಅಷ್ಟೇ ಅವನು ಯೋಚಿಸಿದ್ದು.

ಕಿತೋಂಗಾ ಬಂದು ಬಾನೆಟ್ಟು ಮುಚ್ಚಿದ. ಒಂದು ಬಾಳೆಹಣ್ಣು ಮುರಿದು ಮುತೆಂಗಿಯ ಕೈಗಿಟ್ಟ. "ಅತ್ತಿಗೇನ ಮಧ್ಯಾಹ್ನದೊಳಗೆ ತಂದು ಬಿಡ್ತೀನಿ ಅಣ್ಣ."

"ಯಾರನ್ನ?"

ಅಷ್ಟರಲ್ಲಿ ಸ್ಯೋಂಬುವಾ ಸ್ಪ್ಯಾನರ್ ಪೆಟ್ಟಿಗೆ ಹಿಡಿದು ಹೊರಗೆ ಬಂದಳು. ತಲೆಗೆ ಒಗೆದ ವಸ್ತ್ರ ಕಟ್ಟಿದ್ದಳು. "ಭಾರ ಎಳೆಯುವಾಗ ಹ್ಯಾಗೆ ಸದ್ದು ಮಾಡುತ್ತೆ ಕೇಳಬೇಕು ನಾನು," ಎನ್ನುತ್ತ ಹತ್ತಿ ಕಿತೋಂಗಾನ ಪಕ್ಕ ಕೂತಳು. ಗಾಡಿ ಹೊರಟಿತು. ಸಿಪ್ಪೆ ಸುಲಿಯದ ಬಾಳೆಹಣ್ಣು ಹಿಡಿದು ಮುತೆಂಗಿ ನಿಂತೇ ಇದ್ದ.

ಚಾ ಅಂಗಡಿಯಲ್ಲಿ ಕಲೊಂಡು ಖುಷಿಯಲ್ಲಿದ್ದಳು. "ಇವತ್ತು ನಿನ್ನ ಹೆಂಡ್ತೀದು ಪರೀಕ್ಷೆ ಕಣಪ್ಪ. ಆ ಮರಳಿನ ಯಜಮಾನ ನದೀಗೇ ಹೋಗಿದಾನೆ ನೋಡೋಕೆ. ಸರಿಹೋದ್ರೆ ಅವನ ಲಾರಿಗಳೆಲ್ಲ ನಿಮ್ಮ ಗ್ಯಾರೇಜಿಗೇ ಅಂತೆ. ಹೆಂಗಸಿನ ಕೆಲಸ ಎಷ್ಟು ದಿನ ತಡೆಯುತ್ತೋ ನೋಡೋಣ ಅಂತ ಇಲ್ಲೇ ನಿಂತು ಹೇಳ್ದ, ಮೂಳೆ ಮುಖದೋನು."

ಮುತೆಂಗಿ ಬೆಂಚಿನ ಮೇಲೆ ಕೂರಲು ಹೋದವನು ಕೂರಲಿಲ್ಲ. ಟರ್ಬೊ ಹೋದರೆ ಜನ ಬಯ್ಯುವುದು ಕಿತೋಂಗಾನನ್ನಲ್ಲ, ಫಿಲ್ಟರು ಕೂರಿಸಿದವಳನ್ನು. ಇಷ್ಟು ಸುಲಭದ ವಿಷಯ ಆಗ ಹೊಳೆದಿರಲಿಲ್ಲ. ಫೋನು ತೆಗೆದು ಹೆಂಡತಿಯ ಹೆಸರಿನ ಮೇಲೆ ಬೆರಳಿಟ್ಟ. ಏನು ಹೇಳುವುದು? ಕ್ಲ್ಯಾಂಪು ನೋಡಿಕೋ ಎಂದರೆ, ನಿನಗೆ ಹ್ಯಾಗೆ ಗೊತ್ತು ಎನ್ನುತ್ತಾಳೆ. ಫೋನನ್ನು ಜೇಬಿಗೆ ಹಾಕಿ ಗಾಡಿಯ ಕಡೆ ಓಡಿದ.

ನದಿಯ ದಾರಿ ಪೂರ್ತಿ ಕೆಮ್ಮಣ್ಣು. ಮುಂದೆ ಹೋದವರೆಬ್ಬಿಸಿದ ಧೂಳು ಇನ್ನೂ ಕೂತಿರಲಿಲ್ಲ, ಬಾವೋಬಾಬ್ ಮರಗಳ ಬುಡವೆಲ್ಲ ಕೆಂಪಾಗಿತ್ತು. ಮುತೆಂಗಿ ಆಕ್ಸಿಲರೇಟರನ್ನು ಎಷ್ಟು ತುಳಿದರೂ ಗಾಡಿ ಏದಿತೇ ಹೊರತು ಓಡಲಿಲ್ಲ. "ಉಸಿರಾಡೇ ಮುಂಡೇದೇ," ಎಂದು ಸ್ಟೇರಿಂಗಿಗೆ ಗುದ್ದಿದ. ದಿಣ್ಣೆಗಳಲ್ಲಿ ಅದು ಆಮೆಯಾಯಿತು. ಆ ಕ್ಷಣದಲ್ಲಿಯೂ ಕಿತೋಂಗಾನ ಗಾಡಿ ಇಲ್ಲಿ ಹೇಗೆ ಹತ್ತಿರಬಹುದೆಂಬ ಯೋಚನೆ ಬಂದು ಹೊಟ್ಟೆ ಉರಿಯಿತು.

ನದಿಯಿಂದ ಮೇಲೆ ಬರುವ ಕಡಿದಾದ ಏರಿನ ನಡುವೆ ಅವರು ನಿಂತಿದ್ದರು. ಹಿಂದೆ ಮರಳಿನ ಲಾರಿ, ಅದರ ಚಕ್ರಕ್ಕೆ ಅಡ್ಡ ಒಂದು ದೊಡ್ಡ ಕಲ್ಲು. ಯಜಮಾನ ಕೈಕಟ್ಟಿ ನಿಂತಿದ್ದ. ಮುತೆಂಗಿ ಗಾಡಿಯನ್ನು ಕೆಳಗೇ ನಿಲ್ಲಿಸಿ ಹತ್ತಿಕೊಂಡು ಬಂದ. ಸ್ಯೋಂಬುವಾ ಬಾನೆಟ್ಟಿನಿಂದ ತಲೆಯೆತ್ತಿ ಯಜಮಾನನಿಗೆ ಹೇಳುತ್ತಿದ್ದಳು:

"ಕ್ಲ್ಯಾಂಪು ಸಡಿಲಾಗಿದೆ. ಶಿಳ್ಳೆ ಸದ್ದು ಬದಲಾಯ್ತು, ಅದಕ್ಕೇ ನಿಲ್ಲಿಸ್ದೆ. ನಂದೇ ತಪ್ಪು. ಬಿಗಿ ಮಾಡೋದು ಮರೆತಿದೀನಿ."

"ನೀನು ಬಿಗಿ ಮಾಡಿದ್ದು ನಾನೇ ನೋಡಿದೀನಿ ಅತ್ತಿಗೆ," ಎಂದ ಕಿತೋಂಗಾ.

"ಇಲ್ಲಪ್ಪ. ಮಾಡಿದ್ರೆ ಹೀಗಾಗ್ತಿರಲಿಲ್ಲ."

"ಒಲೆ ಮುಂದಿನ ಕೈಗೆ ಸ್ಪ್ಯಾನರ್ ಕೊಟ್ಟರೆ ಇನ್ನೇನು," ಎಂದು ಯಜಮಾನ ಬೇರೆಲ್ಲೋ ನೋಡಿದ.

ನಂದೇ ತಪ್ಪು ಎನ್ನುವ ಮಾತು ಅವಳ ಬಾಯಲ್ಲಿ ಒಂದು ಸಲ ಬರಲೆಂದು ಮುತೆಂಗಿ ಎಷ್ಟೋ ಜಗಳಗಳಲ್ಲಿ ಕಾದಿದ್ದ. ಈಗ ಬಂದಿತ್ತು. ಅವಳು ತನ್ನ ಕೈಗಳನ್ನೇ ನೋಡುತ್ತಿದ್ದಳು, ಅವು ಬೇರೆ ಯಾರದೋ ಎಂಬಂತೆ.

"ಅವಳು ಮರೆತಿಲ್ಲ," ಎಂದ ಮುತೆಂಗಿ. ಎಲ್ಲರೂ ತಿರುಗಿದರು. "ನಾನೇ ಸಡಿಲ ಮಾಡ್ದೆ. ಬೆಳಿಗ್ಗೆ."

"ಏನಕ್ಕೆ?" ಕಿತೋಂಗಾ ಕೇಳಿದ.

ಮುತೆಂಗಿ ದಾರಿಯುದ್ದಕ್ಕೂ ಒಂದು ಉತ್ತರ ಜೋಡಿಸಿಕೊಂಡಿದ್ದ. ಬಾಯಿಗೆ ಬಂದದ್ದು ಬೇರೆ. "ನಿನ್ನ ಗಾಡಿ ಹತ್ತುತ್ತೆ. ನಂದು ಹತ್ತಲ್ಲ."

ಯಜಮಾನ ಹೋ ಎಂದು ನಕ್ಕ. ಕಿತೋಂಗಾ ಎರಡು ಹೆಜ್ಜೆ ಮುಂದೆ ಬಂದ. ಸ್ಯೋಂಬುವಾ, "ಬಿಡು ಕಿತೋಂಗಾ," ಎಂದಳು. ಗಂಡನ ಕಡೆ ನೋಡಲಿಲ್ಲ. ತಲೆಯ ವಸ್ತ್ರ ಬಿಚ್ಚಿ, ಅದರ ತುದಿಯನ್ನು ಬೆರಳಿಗೆ ಸುತ್ತಿ ಕೊಳವೆಯೊಳಗೆ ತಿರುಗಿಸಿ ತೆಗೆದಳು. ಬಿಳಿ ಬಟ್ಟೆಯ ಮೇಲೆ ತೆಳುವಾಗಿ ಕೆಂಪು ಹತ್ತಿತ್ತು. ಟರ್ಬೊದ ಬಾಯನ್ನೂ ಒರೆಸಿ, ಒಳಗಿನ ಚಕ್ರವನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿ ಕಿವಿಗೊಟ್ಟಳು.

"ಉಳ್ಕೊಂಡಿದೆ," ಎಂದಳು ಕಿತೋಂಗಾನಿಗೆ.

"ಕೊಡು, ನಾನು ಬಿಗಿ ಮಾಡ್ತೀನಿ," ಎಂದು ಮುತೆಂಗಿ ಕೈ ಚಾಚಿದ. ಅವಳು ಸ್ಕ್ರೂಡ್ರೈವರ್ ಕೊಡಲಿಲ್ಲ. ತಾನೇ ಬಗ್ಗಿ ಬಿಗಿದು, ಎರಡು ಸಲ ಎಳೆದು ನೋಡಿ, ಬಾನೆಟ್ಟು ಇಳಿಸಿದಳು.

"ಲಾರಿ ಹಿಂದೆ ಕಲ್ಲು ಹಿಡ್ಕೊಂಡು ಯಾರಾದ್ರೂ ಬರಬೇಕು," ಎಂದಳು ಯಾರಿಗೂ ಅಲ್ಲವೆಂಬಂತೆ. "ಜಾರಿದ್ರೆ ಚಕ್ರಕ್ಕೆ ಕೊಡೋಕೆ."

ಎಂಜಿನ್ನು ಶುರುವಾಯಿತು. ಸರಪಳಿ ಬಿಗಿಯಾಯಿತು, ಶಿಳ್ಳೆ ಸಣ್ಣಗೆ, ಒಂದೇ ಎಳೆಯಾಗಿ ಮೇಲೆದ್ದಿತು. ಚಕ್ರ ಕದಲಿದ್ದೇ ಮುತೆಂಗಿ ಕಲ್ಲನ್ನು ಎತ್ತಿಕೊಂಡ. ಅಂದುಕೊಂಡದ್ದಕ್ಕಿಂತ ಭಾರವಿತ್ತು. ಲಾರಿಯ ಹಿಂದೆ ಬಗ್ಗಿ ನಡೆದ. ಚಕ್ರಗಳು ಎರಚಿದ ಕೆಂಪು ಧೂಳು ಕಣ್ಣು, ಬಾಯಿ, ಮೂಗು ತುಂಬಿತು. ಲಾರಿ ಒಂದು ಸಲವೂ ಜಾರಲಿಲ್ಲ. ಯಜಮಾನ ಪಕ್ಕದಲ್ಲಿ ನಡೆಯುತ್ತ, "ಎಳೀತಿದೆ ಕಣಯ್ಯಾ," ಎಂದ. ನಗು ನಿಂತಿತ್ತು.

ಏರು ಮುಗಿದಲ್ಲಿ ನೀಲಿ ಗಾಡಿ ಕ್ಷಣ ನಿಂತು ಮತ್ತೆ ಹೊರಟಿತು. ಲಾರಿಯೂ ಯಜಮಾನನೂ ಅದರ ಹಿಂದೆ ಸಮತಟ್ಟು ರಸ್ತೆಯಲ್ಲಿ ಸಾಗಿದರು. ಧೂಳು ಇಳಿದಾಗ ರಸ್ತೆಯಂಚಿನಲ್ಲಿ ಸ್ಯೋಂಬುವಾ ಒಬ್ಬಳೇ ಕಂಡಳು, ಬರಿದಲೆಯಲ್ಲಿ, ಪೆಟ್ಟಿಗೆ ಹಿಡಿದು.

ಇನ್ನು ಆ ಕಲ್ಲಿಗೆ ಕೆಲಸವಿರಲಿಲ್ಲ. ಎಲ್ಲಿಡಬೇಕೆಂದು ಮುತೆಂಗಿಗೆ ತಿಳಿಯಲಿಲ್ಲ. ಅವಳು ಅವನನ್ನು ದಾಟಿ, ಕೆಳಗೆ ನಿಂತಿದ್ದ ಅವನ ಗಾಡಿಯ ಕಡೆ ಇಳಿಯತೊಡಗಿದಳು. ಹೆಜ್ಜೆಗೊಮ್ಮೆ ಪೆಟ್ಟಿಗೆಯೊಳಗೆ ಸ್ಪ್ಯಾನರುಗಳು ಖಣಖಣ ಎನ್ನುತ್ತಿದ್ದವು. ಮುತೆಂಗಿ ಕಲ್ಲನ್ನು ಎದೆಗೆ ಅವಚಿಕೊಂಡೇ ಹಿಂದೆ ಇಳಿದ.