ತಂತಿಯ ಮೇಲಿನ ನೀಲಿ ಅಂಗಿ

"ಸೂಜಿ ಕೆಳಗಿಡು," ಎಂದಳು ಪೆತ್ರಾ. "ಈ ವರ್ಷ ನೀನು ಮಾತೆಯನ್ನ ಮುಟ್ಟೋದು ಬೇಡ."

ಸೊಸೆ ಎರ್ಮಿನಿಯಾಳ ಕೈ ಕಪ್ಪು ಮಖಮಲ್ಲಿನ ಮೇಲೆ ನಿಂತಿತು. ಶುಭ ಶುಕ್ರವಾರದ ಮಧ್ಯಾಹ್ನ. ಚರ್ಚಿನ ಮೂಲೆಯಲ್ಲಿ ಪರದೆ ಕಟ್ಟಿ, ಒಳಗೆ ಮೂವರು ಹೆಂಗಸರು ಮೆರವಣಿಗೆಗೆ ದೇವಮಾತೆಯ ಪ್ರತಿಮೆಯ ಉಡುಪು ಬದಲಿಸುತ್ತಿದ್ದರು. ಮಾತೆಗೆ ಕೆತ್ತಿದ್ದು ಮುಖ, ಕೈಗಳಷ್ಟೇ. ಉಳಿದ ಮೈಯೆಲ್ಲ ಬರೀ ಮರದ ಪಟ್ಟಿ. ಆದರೂ ಅದು ಗಂಡಸರ ಕಣ್ಣಿಗೆ ಬೀಳಬಾರದು. ಉಡಿಸುವ ಕೈಯೂ ಶುದ್ಧವಾಗಿರಬೇಕು.

"ಯಾಕತ್ತೆ?"

"ನಿನ್ನ ತಂತಿ ಮೇಲೆ ವಾರವಾರ ಗಂಡಸಿನ ಅಂಗಿ ಒಣಗ್ತದೆ. ನನ್ನ ಮಗ ಸತ್ತು ಇನ್ನೂ ವರ್ಷ ತುಂಬಿಲ್ಲ. ಲಜ್ಜೆಗೆಟ್ಟವಳೇ."

ಈ ಮಾತು ಪೆತ್ರಾಳ ಬಾಯಲ್ಲಿ ಹೊಸದಲ್ಲ. ತೋಳು ಕಾಣಿಸುವ ಹುಡುಗಿಯರಿಗೆ, ಬೇಲಿ ಹಾರುವ ಮೇಕೆಗೆ, ಗಟ್ಟಿಯಾಗಿ ನಗುವ ಚೋಲೆಗೂ ಅಂದಿದ್ದಳು. ಗಂಡಸರಿಗೆ ಅಂದದ್ದು ಯಾರಿಗೂ ನೆನಪಿಲ್ಲ.

"ನನಗಂದಾಗ ನಗ್ತಿದ್ರಿ," ಎಂದಳು ಮೂರನೆಯವಳಾದ ಚೋಲೆ, ಮಾತೆಯ ಮುಸುಕು ಸರಿಪಡಿಸುತ್ತ. "ಈಗ ನಗ್ತಿಲ್ಲ."

ಎರ್ಮಿನಿಯಾ ಗುಂಡುಸೂಜಿಯ ತಟ್ಟೆ ಇಟ್ಟು ಹೊರಟುಹೋದಳು. ಒಂದು ಮಾತೂ ಆಡದೆ ಹೋದದ್ದೇ ಪೆತ್ರಾಳ ಗುಮಾನಿಯನ್ನು ಹೆಚ್ಚಿಸಿತು. ಅಂಗಿಯವನನ್ನು ಕಂಡೇಬಿಡಬೇಕೆಂದು ಬೆನ್ನಹಿಂದೆಯೇ ನಡೆದಳು.

ಹಿತ್ತಲಲ್ಲಿ ಎರ್ಮಿನಿಯಾಳ ಹೊರತು ಯಾರೂ ಇರಲಿಲ್ಲ. ನೀಲಿ ಅಂಗಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಪೆತ್ರಾ ತೋಳನ್ನು ತಿರುಗಿಸಿ ನೋಡಿದಳು. ಮೊಣಕೈ ಬಳಿ ಬಿಳಿ ದಾರದ ಹೊಲಿಗೆ. ನೀಲಿ ದಾರ ಸಿಗದೆ ಮಗನಿಗೆ ತಾನೇ ಹಾಕಿಕೊಟ್ಟದ್ದು.

"ನಬೋರನದು," ಎಂದಳು. "ಯಾರೂ ತೊಡದ ಅಂಗಿ ಯಾಕೆ ಒಗೀತೀಯೇ?"

"ಒದ್ದೆ ಅಂಗಿ ಕಂಡ್ರೆ ಮನೇಲಿ ಗಂಡಸಿದ್ದಾನೆ ಅಂದ್ಕೋತಾರೆ. ಇದನ್ನ ನೇತುಹಾಕಿದ್ಮೇಲೆ ಬಾಗಿಲು ತಟ್ಟೋದು ನಿಂತಿದೆ."

"ಯಾರು ತಟ್ತಿದ್ದು?"

ಎರ್ಮಿನಿಯಾ ಚರ್ಚಿನ ಕಡೆ ನೋಡಿದಳು. "ಇವತ್ತು ಮಾತೆಗೆ ಹೆಗಲು ಕೊಡೋರಲ್ಲೊಬ್ಬ. ಹೆಸರು ಹೇಳಿದ್ರೆ ನಂಬ್ತಿದ್ರಾ?"

ಪೆತ್ರಾ ಅಂಗಿಯ ತೋಳು ಬಿಟ್ಟಳು. "ಬಾ, ಸೂಜಿ ಚುಚ್ಚೋದು ಬಾಕಿಯಿದೆ," ಎಂದಳು. ಎರ್ಮಿನಿಯಾ ಅಂಗಿಯನ್ನು ಕೊಡವಿ ಮತ್ತೆ ತಂತಿಗೆ ಹಾಕಿದಳು. ಬರಲಿಲ್ಲ.

ಕೊನೆಯ ಸೂಜಿಗಳನ್ನು ಪೆತ್ರಾಳೇ ಚುಚ್ಚಿದಳು. ಪರದೆಯಾಚೆ ಹೊರುವವರು ಕೆಮ್ಮುತ್ತ ನಿಂತಿದ್ದರು.

"ಆಯ್ತೇನಮ್ಮಾ? ಪರದೆ ತೆಗೀಲಾ?" ಯಾರೋ ಮೆತ್ತಗೆ ಕೇಳಿದರು.

ಅವಳು ಪರದೆಯ ಎರಡೂ ಅಂಚುಗಳನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಬಟ್ಟೆಯ ಮೇಲೆ ಅವರ ನೆರಳುಗಳು ಬಿದ್ದಿದ್ದವು. ಬಾಗಿಲು ತಟ್ಟಿದವನ ನೆರಳು ಯಾವುದೆಂದು ಹುಡುಕಿದಳು. ಹೆಗಲು ಸಮ ಬರಲೆಂದು ಆರಿಸಿದವರು, ಎಲ್ಲರೂ ಒಂದೇ ಎತ್ತರ.