ಬೆಣ್ಣೆ ಹಾಕಿ ಕಡೆಯುವ ಕೊಳವೆ

ನಾನು ಚಹಾ ಕಡೆಯುವ ಒಂದು ಮರದ ಕೊಳವೆ. ನೆಲದ ಮೇಲೆ ನಿಲ್ಲಿಸಿದರೆ ದೊಡ್ಡವರ ಸೊಂಟಕ್ಕೆ ಬರುತ್ತೇನೆ. ಮೈಗೆ ಹಿತ್ತಾಳೆಯ ಪಟ್ಟಿಗಳಿವೆ, ಬಾಯಿಗೆ ಹಿತ್ತಾಳೆಯ ಅಂಚು ಇದೆ. ಬಿಸಿ ಬಿಸಿ ಚಹಾದ ಕಷಾಯ, ಉಪ್ಪು, ಬೆಣ್ಣೆ ಮೂರನ್ನೂ ನನ್ನ ಹೊಟ್ಟೆಗೆ ಸುರಿದು, ಕಡೆಗೋಲನ್ನು ಮೇಲೆ ಕೆಳಗೆ ಆಡಿಸಿದರೆ ಟಿಬೆಟ್ಟಿನವರು ಕುಡಿಯುವ ಚಹಾ ಆಗುತ್ತದೆ. ಸಕ್ಕರೆ ಹಾಕಿದ ಹಾಲನ್ನು ಕುದಿಸಿ ಅದಕ್ಕೆ ಚಹಾ ಎಂದು ಹೆಸರಿಡುವ ನಿಮಗೆ ಇದು ತಿಳಿಯುವ ವಿಷಯವಲ್ಲ, ಬಿಡಿ.

ನಾನು ಹುಟ್ಟಿದ್ದು ಅಕ್ರೋಟು ಮರದಿಂದ, ಟಿಬೆಟ್ಟಿನ ಶಿಗಾತ್ಸೆ ಎಂಬ ಊರಿನ ಒಂದು ದೊಡ್ಡ ಮನೆತನಕ್ಕಾಗಿ. ನನ್ನನ್ನು ಮಾಡಿದ ಬಡಗಿ ಮಗಳನ್ನು ಗಂಡನ ಮನೆಗೆ ಬಿಡಲು ಬಂದವನ ಹಾಗೆ ನನ್ನನ್ನು ತಂದು ಒಪ್ಪಿಸಿದ. ಅವನಿಗೆ ಕೂರಲು ಯಾರೂ ಹೇಳಲಿಲ್ಲ. ನನ್ನೊಳಗೆ ಕಡೆದ ಮೊದಲ ಚಹಾವನ್ನು ಅವನು ಬಾಗಿಲಾಚೆ ನಿಂತು ಕುಡಿದು ಹೋದ. ಮನುಷ್ಯರ ಅಳತೆ ನನಗೆ ಅವತ್ತೇ ಸಿಕ್ಕಿತು.

ಆ ಮನೆಯಲ್ಲಿ ಚಹಾ ಕಡೆಯುವ ಕೆಲಸ ಚೋಕಿ ಎಂಬ ಹುಡುಗಿಯದು. ಅವಳ ತಾಯಿಯೂ ಅಲ್ಲೇ ಜೀತಕ್ಕಿದ್ದಳು. ಚೋಕಿ ಹುಟ್ಟಿದ್ದು ಕುದುರೆ ಲಾಯದ ಪಕ್ಕದ ಕೋಣೆಯಲ್ಲಿ. ಅವಳ ಕೈ ಮೊದಲ ಸಲ ನನ್ನ ಕಡೆಗೋಲನ್ನು ಹಿಡಿದಾಗ ಅವಳೂ ನಾನೂ ಒಂದೇ ಎತ್ತರ. ಯಜಮಾನನ ಹೆಂಡತಿ ಯುಡೋನ್ ಚೆಲುವೆ, ಮೆದು ಮಾತಿನವಳು. ಚಹಾ ಮನೆಯ ಯಾವ ಮೂಲೆಯಲ್ಲಿ ತಯಾರಾಗುತ್ತದೆ ಎನ್ನುವುದೂ ಅವಳಿಗೆ ಗೊತ್ತಿರಲಿಲ್ಲ. ಇನ್ನು ಯಜಮಾನನ ತಮ್ಮ ವಾಂಗ್ದು. ಇವನ ಬಗ್ಗೆ ಹೇಳಲು ನನಗೆ ನಾಚಿಕೆ, ಆದರೂ ಹೇಳಬೇಕು. ಚಹಾದ ಮೇಲೆ ಬೆಣ್ಣೆಯ ಕಣ್ಣು ಸರಿಯಾಗಿ ತೇಲದಿದ್ದರೆ ಅವನು ಬಟ್ಟಲನ್ನು ನೆಲಕ್ಕೆ ಸುರಿದು ಒರೆಸು ಎನ್ನುತ್ತಿದ್ದ. ಚೋಕಿ ಒರೆಸುತ್ತಿದ್ದಳು. ಅವಳ ಮುಖದಲ್ಲಿ ಸಿಟ್ಟು ಕಂಡಿದ್ದರೆ ಹೊಡೆಯುತ್ತಿದ್ದನೇನೋ. ಅಲ್ಲಿದ್ದದ್ದು ತಾತ್ಸಾರ. ಅದನ್ನು ಗುರುತಿಸುವಷ್ಟು ಬುದ್ಧಿ ಆ ತಲೆಗೆ ಇರಲಿಲ್ಲ.

ದೇಶ ಚೀನೀಯರ ಕೈಗೆ ಹೋದ ವರ್ಷ ಮನೆಯವರು ಭಾರತದ ಕಡೆಗೆ ಓಡಿದರು. ಯಜಮಾನ, ಮನೆಯ ಭಂಡಾರ ಕಾಯುತ್ತೇನೆಂದು ಹಿಂದೆ ಉಳಿದ. ಆಮೇಲೆ ಅವನ ಸುದ್ದಿಯೇ ಇಲ್ಲ. ಯುಡೋನ್ ಜರಿಯ ಬಟ್ಟೆ, ಬೆಳ್ಳಿಯ ಪಾತ್ರೆ ಎಲ್ಲವನ್ನೂ ಹೇಸರಗತ್ತೆಯ ಮೇಲೆ ಹೇರಿದಳು. ಕಣಿವೆಯ ಹಿಮದಲ್ಲಿ ಅದು ಬಿದ್ದು ಸತ್ತಿತು. ಬೆಳ್ಳಿ ಅಲ್ಲೇ ಉಳಿಯಿತು. ನಾನು ಉಳಿಯಲಿಲ್ಲ, ಏಕೆಂದರೆ ಚಹಾ ಇಲ್ಲದೆ ಒಂದು ಹೆಜ್ಜೆಯನ್ನೂ ಇಡುವುದಿಲ್ಲವೆಂದು ವಾಂಗ್ದು ಹಟ ಹಿಡಿದ. ಜೀವ ಉಳಿಸಿಕೊಳ್ಳಲು ಓಡುತ್ತಿರುವ ಗಂಡಸಿನ ಮಾತು ಇದು. ಚೋಕಿ ನನ್ನನ್ನು ಬೆನ್ನಿಗೆ ಕಟ್ಟಿಕೊಂಡು ಹಿಮಾಲಯ ದಾಟಿದಳು.

ಇಳಿದು ಬಂದ ಮೇಲೆ ಬೆಟ್ಟಗಳಲ್ಲಿ ರಸ್ತೆ ಮಾಡುವ ಕೂಲಿ ಸಿಕ್ಕಿತು. ಹೆಂಗಸರು ಜಲ್ಲಿ ಒಡೆಯುತ್ತಿದ್ದರು. ವಾಂಗ್ದು ತಾನು ಮನೆತನದವನು, ಕಲ್ಲು ಮುಟ್ಟುವವನಲ್ಲ ಎಂದು ಡೇರೆಯಲ್ಲಿ ಕೂತು ದಾಳ ಉರುಳಿಸುತ್ತಿದ್ದ. ಹಗ್ಗ ಸುಟ್ಟರೂ ಗಂಟು ಬಿಡಲಿಲ್ಲ. ಮೊದಲ ದಿನ ಯುಡೋನ್ ಸುತ್ತಿಗೆ ಹಿಡಿದು ಅತ್ತಳು. ಚೋಕಿ ಸಮಾಧಾನ ಹೇಳಲಿಲ್ಲ. ಅವಳಿಗೆ ಒಳಗೊಳಗೆ, ಅಳಲಿ, ಇಷ್ಟು ದಿನ ಇವಳು ಉಟ್ಟ ರೇಷ್ಮೆಯೂ ಯಾರದೋ ಬೆರಳು ತಿಂದದ್ದೇ ಎನಿಸಿತ್ತು. ಅತ್ತು ಮುಗಿದ ಮೇಲೆ, ಹೆಬ್ಬೆರಳು ಒಳಗೆ ಮಡಿಸಿಕೊಳ್ಳಿ ಎಂದಷ್ಟೇ ಹೇಳಿ ತನ್ನ ಕಲ್ಲಿಗೆ ತಿರುಗಿದಳು.

ಒಂದು ಸಲ ಚೋಕಿಗೆ ಜ್ವರ ಬಂದು ಏಳಲಾಗಲಿಲ್ಲ. ಯುಡೋನ್ ತನ್ನ ಪಾಲಿನ ಕಲ್ಲನ್ನೂ ಚೋಕಿಯ ಪಾಲಿನ ಕಲ್ಲನ್ನೂ ಒಡೆದು ಬಂದಳು. ಬಂದವಳು ನನ್ನನ್ನು ಎಳೆದುಕೊಂಡು ಮೊಟ್ಟಮೊದಲ ಬಾರಿಗೆ ಕಡೆಗೋಲು ಹಿಡಿದಳು. ಬೆಣ್ಣೆ ಎಲ್ಲಿಯದು, ವನಸ್ಪತಿ ತುಪ್ಪ. ನನ್ನ ಜನ್ಮದಲ್ಲಿ ಅಂಥ ಕೊಳಕು ಚಹಾ ನನ್ನ ಹೊಟ್ಟೆಯಲ್ಲಿ ಆಗಿರಲಿಲ್ಲ. ಚೋಕಿ ಕುಡಿದಳು. ವಾಂಗ್ದು ಒಂದು ಗುಟುಕು ಬಾಯಿಗಿಟ್ಟು ಉಳಿದದ್ದನ್ನು ನೆಲಕ್ಕೆ ಸುರಿದ. ಒರೆಸಲು ಚೋಕಿ ಏಳಲಾರಳು. ಯುಡೋನ್ ಆ ಹಸಿ ನೆಲವನ್ನು, ಆಮೇಲೆ ಚೋಕಿಯನ್ನು ನೋಡಿದಳು. ನೋಡಿ, ಬಾಗಿ ಒರೆಸಿದಳು. ಅವತ್ತಿನಿಂದ ರೊಟ್ಟಿ ಎರಡು ಸಮ ಪಾಲಾಯಿತು.

ಕೆಲವು ವರ್ಷಗಳ ನಂತರ ಅವರನ್ನೆಲ್ಲ ರೈಲು ಹತ್ತಿಸಿ ದಕ್ಷಿಣಕ್ಕೆ, ಮುಂಡಗೋಡಿನ ಕಾಡಿಗೆ ತಂದು ಬಿಟ್ಟರು. ಮರ ಕಡಿದು ಹೊಲ ಮಾಡಿಕೊಳ್ಳಿ ಎಂದರು. ಎಂಥ ಸೆಕೆ! ಜನ ಹುಳುಗಳಂತೆ ಸತ್ತರು. ನನ್ನ ಮೈ ಬಿರುಕು ಬಿಟ್ಟು ಸೋರತೊಡಗಿತು. ಚೋಕಿ ಅರಗು ಬಳಿದು ಮುಚ್ಚಿದಳು. ಪಟ್ಟಣದಿಂದ ಜೀಪಿನಲ್ಲಿ ಬರುವ ದೊಡ್ಡವರು ಇವಳನ್ನು ನನ್ನ ಪಕ್ಕ ನಿಲ್ಲಿಸಿ, ಸ್ವಲ್ಪ ದುಃಖದಿಂದ ನೋಡು ಎಂದು ಸನ್ನೆ ಮಾಡಿ, ಫೋಟೋ ತೆಗೆದುಕೊಂಡು, ಮಧ್ಯಾಹ್ನದ ಊಟಕ್ಕೆ ತಡವಾಯಿತೆಂದು ಓಡುತ್ತಿದ್ದರು. ಚೋಕಿ ದುಃಖದಿಂದ ನೋಡುತ್ತಿರಲಿಲ್ಲ. ಹಾಗಾಗಿ ಅವಳ ಫೋಟೋ ಎಲ್ಲಿಯೂ ಬರಲಿಲ್ಲ.

ಆ ಕಾಡಿನ ಅಂಚಿನಲ್ಲಿ ಎಮ್ಮೆ ಸಾಕುವ ಗೌಳಿಗರ ದೊಡ್ಡಿಗಳಿದ್ದವು. ಅಲ್ಲಿಂದ ಜನಾಬಾಯಿ ಎಂಬ ಹೆಂಗಸು ಬೆಣ್ಣೆ ಮಾರಲು ಬರುತ್ತಿದ್ದಳು. ಒಂದು ದಿನ ಅವಳ ಕಣ್ಣೆದುರೇ ಚೋಕಿ ಅವಳ ಬೆಣ್ಣೆಯ ಮುದ್ದೆಯನ್ನು ನನ್ನ ಬಾಯಿಗೆ ಹಾಕಿ ಕಡೆಯತೊಡಗಿದಳು. ಜನಾಬಾಯಿ ಬುಟ್ಟಿ ಇಳಿಸಿ ಅಲ್ಲೇ ಕೂತಳು.

"ಇದೇನ ಯವ್ವಾ, ನಾವು ಕಡ್ದು ಬೆಣ್ಣಿ ತಗೀತೀವಿ, ನೀವು ಬೆಣ್ಣಿ ಹಾಕಿ ಕಡೀತೀರಿ? ಎಂಥಾ ಉಲ್ಟಾ ಮಂದಿ ನೀವು."

ಚೋಕಿ ಅವಳಿಗೊಂದು ಬಟ್ಟಲು ಚಹಾ ಕೊಟ್ಟಳು. ಜನಾಬಾಯಿ ಒಂದು ಗುಟುಕು ಕುಡಿದು, ಹೊರಗೆ ಹೋಗಿ ಉಗುಳಿ ಬಂದು, ಬಾಯಿ ಒರೆಸಿಕೊಂಡು ಕೂತಳು. ನನಗೆ ಮೈಯೆಲ್ಲ ಉರಿಯಿತು. ಚೋಕಿ ಮಾತ್ರ ನಕ್ಕಳು. ಇಲ್ಲಿಗೆ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಅಯ್ಯೋ ಪಾಪ ಎನ್ನದೆ ಅವಳ ಚಹಾ ಉಗುಳಿದವಳು ಆ ಸೀಮೆಗೆಲ್ಲ ಇವಳೊಬ್ಬಳೇ. ಚೋಕಿ ಕನ್ನಡ ಕಲಿತದ್ದು ಜನಾಬಾಯಿಯಿಂದ, ಜನಾಬಾಯಿಯ ಬೈಗುಳಗಳ ಸಮೇತ.

ಹೆಂಗಸರಿಬ್ಬರೂ ಗೋವಿನಜೋಳ ಬೆಳೆದರು. ವಾಂಗ್ದು ಜಗುಲಿಯಲ್ಲಿ ಕೂತು, ದಾರಿಹೋಕರೆಲ್ಲ ತನ್ನನ್ನು ಕುಂಗೋ, ಅಂದರೆ ದೊರೆ, ಎಂದು ಕರೆಯಬೇಕೆಂದು ಕಾಯುತ್ತಿದ್ದ. ಅಣ್ಣ ಬರುವ ಆಸೆ ಬಿಟ್ಟುಹೋಗಿದೆ, ಆದ್ದರಿಂದ ಯುಡೋನ್ ಇನ್ನು ತನ್ನ ಹೆಂಡತಿ ಎಂದು ಅವನೇ ತೀರ್ಮಾನಿಸಿದ. ಅವಳ ಮನಸ್ಸೇನೆಂದು ಕೇಳುವ ಅಗತ್ಯ ಅವನಿಗೆ ಕಾಣಲಿಲ್ಲ. ಯುಡೋನ್ ಬಿತ್ತನೆ ಮುಗಿಯಲಿ, ಕೊಯ್ಲು ಮುಗಿಯಲಿ ಎಂದು ಮುಂದೂಡುತ್ತ ಬಂದಳು. ಕೊನೆಗೆ ಅವನು, ಬರುವ ಹೊಸ ವರ್ಷದ ಹಬ್ಬಕ್ಕೆ ಮದುವೆ, ಇನ್ನು ಮಾತಿಲ್ಲ ಎಂದ.

ಆ ಚಳಿಗಾಲ ನಿರಾಶ್ರಿತರ ಕ್ಯಾಂಪಿನ ಕೆಲವು ಹೆಂಗಸರು ಹುಬ್ಬಳ್ಳಿಯ ಫುಟ್‌ಪಾತಿನಲ್ಲಿ ಸ್ವೆಟರ್ ಮಾರಲು ಹೊರಟರು. ಚೋಕಿ ತಾನೂ ಹೋಗುತ್ತೇನೆಂದಳು. ವಾಂಗ್ದು ಕುಣಿದಾಡಿದ. ನಮ್ಮ ಮನೆಯ ಆಳು ಬೀದಿಯಲ್ಲಿ ಕೂತು ಕೂಗಿ ಮಾರುವುದೇ, ಮನೆತನದ ಮಾನವೇನಾಯಿತು ಎಂದ. ಆ ಮನೆತನದ ಮಾನ ಆಗ ಇಬ್ಬರು ಹೆಂಗಸರ ಗುದ್ದಲಿಯ ಮೇಲೆ ನಿಂತಿತ್ತೆನ್ನುವುದು ಬೇರೆ ಮಾತು. ಚೋಕಿ ಗಂಟು ಕಟ್ಟಿದಳು, ನನ್ನನ್ನೂ ಎತ್ತಿಕೊಂಡಳು. ಬಸ್ಸು ಹೊರಡುವ ಹೊತ್ತಿಗೆ ಯುಡೋನ್ ಬಂದು ಅವಳ ಪಕ್ಕದ ಸೀಟಿನಲ್ಲಿ ಕೂತಳು. ಎಲ್ಲಿಗೆ ಎಂದು ಚೋಕಿ ಕೇಳಲಿಲ್ಲ. ಆದರೆ ಅವಳಿಗೆ ನಂಬಿಕೆಯೂ ಇರಲಿಲ್ಲ. ದೊಡ್ಡ ಮನೆಯವರ ಧೈರ್ಯ ಮೊದಲ ಬಿಸಿಲಿಗೇ ಕರಗುತ್ತದೆ ಎಂದು ಅವಳ ಲೆಕ್ಕ.

ಹುಬ್ಬಳ್ಳಿಯಲ್ಲಿ ನನ್ನನ್ನು ಅಂಗಡಿಯ ಹಿಂದೆ, ಗೋಡೆಗೆ ಒರಗಿಸಿ ಇಡುತ್ತಿದ್ದರು. ಬೆಳಗಿನ ಚಳಿಯಲ್ಲಿ ಮಾರುವ ಹೆಂಗಸರಿಗೆಲ್ಲ ನನ್ನಲ್ಲೇ ಚಹಾ. ಅಲ್ಲಿ ಕೂತು ನಾನು ನಿಮ್ಮವರನ್ನು ಚೆನ್ನಾಗಿ ನೋಡಿದೆ. ಇವರನ್ನು ಕೆಲವರು ನೇಪಾಳಿ ಎಂದರು, ಕೆಲವರು ಚೀನೀ ಎಂದರು. ಚೀನೀ ಎಂದಾಗ ಚೋಕಿ ಸ್ವೆಟರ್ ಮಡಿಚಿ ಒಳಗಿಡುತ್ತಿದ್ದಳು, ಅಷ್ಟೇ. ಒಬ್ಬ ಕಾಲೇಜು ಮೇಷ್ಟ್ರು ಬಂದರು. ಬುದ್ಧನ ಬಗ್ಗೆ ಬಹಳ ಹೊತ್ತು ಮಾತಾಡಿದರು. ಆಸೆಯೇ ದುಃಖಕ್ಕೆ ಮೂಲ, ನೀವು ಬೌದ್ಧರು, ನಿಮಗೇ ಇದು ತಿಳಿಯದಿದ್ದರೆ ಹೇಗೆ ಎಂದರು. ಆಮೇಲೆ ಕೈಯಲ್ಲಿದ್ದ ಕಂದು ಬಣ್ಣದ ಸ್ವೆಟರಿಗೆ ಎರಡು ರೂಪಾಯಿ ಕಡಿಮೆ ಮಾಡಿ ಎಂದರು.

"ಖರೇ ಐತ್ರಿ ಸರ," ಎಂದಳು ಚೋಕಿ, ಅವರ ಕೈಯಿಂದ ಮೆಲ್ಲಗೆ ಸ್ವೆಟರ್ ಬಿಡಿಸಿಕೊಳ್ಳುತ್ತ. "ಆಸಿ ಬಿಡ್ರಿ."

ಯುಡೋನ್ ಮೊದಲು ತಲೆಗೆ ಬಟ್ಟೆ ಮುಚ್ಚಿಕೊಂಡು ಹಿಂದೆ ಕೂರುತ್ತಿದ್ದಳು. ಯಾರಾದರೂ ಬೆಲೆ ಕೇಳಿದರೆ ಚೋಕಿಯ ಮುಖ ನೋಡುತ್ತಿದ್ದಳು. ಬರಬರುತ್ತ ಬಟ್ಟೆ ತಲೆಯಿಂದ ಹೆಗಲಿಗೆ ಇಳಿಯಿತು. ಅವಳಿಗೆ ಒಂದು ಜಾಣ್ಮೆಯಿತ್ತು: ಗಿರಾಕಿಯ ಭುಜವನ್ನು ಒಮ್ಮೆ ನೋಡಿ ಅಳತೆ ಹೇಳುತ್ತಿದ್ದಳು. ರೇಷ್ಮೆ ಹೊಲಿಸಿಕೊಂಡು ಬೆಳೆದವಳು, ಅಷ್ಟಾದರೂ ಉಪಯೋಗಕ್ಕೆ ಬರಬೇಡವೆ?

ಹಬ್ಬ ಹತ್ತಿರವಾದಾಗ ವಾಂಗ್ದು ಬಂದ. ಸಂತೆ ನೆರೆದಂತೆ ಜನವಿದ್ದ ಸಂಜೆ ಅದು. ಮೈಮೇಲೆ ಮಾಸಿದ ಜರಿಯ ಅಂಗಿ. ಜುಟ್ಟಿಗೆ ಮಲ್ಲಿಗೆ, ಹೊಟ್ಟೆಗೆ ಹಿಟ್ಟಿಲ್ಲ ಎನ್ನುವ ಹಾಗಿದ್ದ. ತಿಂಗಳುಗಟ್ಟಲೆ ಯಾರೋ ಕೊಟ್ಟ ಚಹಾ ಕುಡಿದು ಮುಖ ಬಾಡಿತ್ತು. ಅಂಗಡಿಯ ಎದುರು ನಿಂತು ತಮ್ಮ ಭಾಷೆಯಲ್ಲಿ, ಮದುವೆಗೆ ದಿನ ನೋಡಿಯಾಗಿದೆ, ಎದ್ದು ಬಾ, ಆಳಿಗೂ ಗಂಟು ಕಟ್ಟಲು ಹೇಳು ಎಂದು ಗದರಿದ. ಯುಡೋನ್ ಒಬ್ಬ ಹೆಂಗಸಿನ ಮಗುವಿಗೆ ಟೊಪ್ಪಿಗೆ ತೊಡಿಸಿ ನೋಡುತ್ತಿದ್ದಳು. ಅವಳ ಕೈ ನಿಂತಿತು.

ಈಗ ಇವಳು ಏಳುತ್ತಾಳೆ, ಎಂದುಕೊಂಡಳು ಚೋಕಿ. ಹಿಮದಲ್ಲಿ ನಡೆಯುವಾಗಲೂ ಈ ಮೈದುನನ ಧ್ವನಿ ಕೇಳಿದರೆ ಯುಡೋನ್ ತಲೆ ತಗ್ಗಿಸಿ ನಿಲ್ಲುತ್ತಿದ್ದುದು ಅವಳ ಕಣ್ಣ ಮುಂದೆ ಬಂತು. ಇವಳು ಎದ್ದು ಹೋದರೆ ತಾನು ಹಿಂದೆ ಹೋಗುವುದಿಲ್ಲ, ಇಷ್ಟು ಖಂಡಿತ. ಆದರೆ ಹೋಗಬೇಡಿ ಎಂದು ಬಾಯಿಬಿಟ್ಟು ಕೇಳುವವಳೂ ಅವಳಲ್ಲ. ಸುಮ್ಮನೆ ಸ್ವೆಟರಿನ ರಾಶಿಯನ್ನು ಸರಿಪಡಿಸುತ್ತ ನಿಂತಳು. ಸರಿಯಾಗಿಯೇ ಇದ್ದ ರಾಶಿಯನ್ನು.

ಮಗುವಿನ ತಾಯಿ ಗಾಬರಿಯಿಂದ, "ಯಾರವಾ ಇವ್ರು? ಯಾಕ ಒದರಾಕತ್ತಾರ?" ಎಂದು ಕೇಳಿದಳು.

ಯುಡೋನ್ ಟೊಪ್ಪಿಗೆಯ ದಾರವನ್ನು ಮಗುವಿನ ಗದ್ದದ ಕೆಳಗೆ ಕಟ್ಟಿದಳು. ತನ್ನ ಅರೆಬರೆ ಕನ್ನಡದಲ್ಲಿ, ತಿರುಗಿಯೂ ನೋಡದೆ ಹೇಳಿದಳು:

"ಗೊತ್ತಿಲ್ಲರಿ. ಅವರು ಸ್ವೆಟರ್ ತಗೊಳ್ಳೂದಿಲ್ಲ." ಆಮೇಲೆ ಚೋಕಿಯ ಕಡೆಗೆ ಕೈ ತೋರಿಸಿ, "ರೊಕ್ಕಾ ನನ್ನ ತಂಗಿ ಕಡೆ ಕೊಡ್ರಿ," ಎಂದಳು.

ವಾಂಗ್ದುವಿಗೆ ಕನ್ನಡ ಬರುತ್ತಿರಲಿಲ್ಲ. ಇಷ್ಟು ವರ್ಷ ಈ ನೆಲದ ಅನ್ನ ತಿಂದು ಒಂದು ಮಾತೂ ಕಲಿತಿರಲಿಲ್ಲ. ಆದರೂ ಸುತ್ತಲಿನ ಹೆಂಗಸರ ಮುಖ ನೋಡಿ ಅವನಿಗೆ ಅರ್ಥವಾಯಿತು. ಇನ್ನೇನು ಮಾಡಬೇಕೆಂದು ತೋಚದೆ, ಇದು ನಮ್ಮ ಮನೆತನದ ಆಸ್ತಿ ಎಂದು ಕೂಗಿ ನನ್ನನ್ನು ಎತ್ತಿಕೊಂಡ. ಉಂಡೂ ಹೋದ, ಕೊಂಡೂ ಹೋದ. ಯಾರಾದರೂ ತಡೆಯುತ್ತಾರೆಂದು ನಾನು ಕಾದೆ. ಒಂದು ಕೈಯಾದರೂ ಮುಂದೆ ಬರಬೇಡವೆ? ಹಿಮಾಲಯದಿಂದ ಹೊತ್ತು ತಂದವಳು, ಬಿರುಕಿಗೆ ಅರಗು ಬಳಿದವಳು, ಗಿರಾಕಿಯ ಚಿಲ್ಲರೆ ಎಣಿಸುತ್ತಿದ್ದಳು. ಕಣ್ಣು ಒದ್ದೆಯಾಗಿತ್ತು, ನಿಜ. ಅದು ನನಗಾಗಿ ಅಲ್ಲ. ತಂಗಿ ಎಂಬ ಮಾತಿಗೆ.

ವಾಂಗ್ದು ನನ್ನನ್ನು ಎದುರಿನ ಲಾಡ್ಜಿನ ಮ್ಯಾನೇಜರ ಗುರುಪಾದಪ್ಪನಿಗೆ, ಕ್ಯಾಂಪಿಗೆ ಮರಳುವ ಬಸ್ ಚಾರ್ಜಿಗೆ ಕೊಟ್ಟ. ಅವರ ಮನೆತನದ ಕೊನೆಯ ಆಸ್ತಿ ಹೀಗೆ ವಿಲೇವಾರಿಯಾಯಿತು. ಗುರುಪಾದಪ್ಪ ನನ್ನ ಕಡೆಗೋಲನ್ನು ಕಿಟಕಿಗೆ ಆನಿಕೆ ಮಾಡಿ, ನನ್ನನ್ನು ಬಾಗಿಲ ಬಳಿ ಛತ್ರಿ ಇಡಲು ನಿಲ್ಲಿಸಿದ. ಯಾರಾದರೂ ಕೇಳಿದರೆ, ಇದು ಲಾಮಾಗಳು ಊದುವ ಕಹಳೆ ಎನ್ನುತ್ತಾನೆ. ಕೇಳಿದವರು ಹೌದೇ ಎಂದು ಬೆರಗಾಗುತ್ತಾರೆ. ಹೇಳುವವನಿಗೆ ತಕ್ಕ ಕೇಳುವವರು.

ಅಲ್ಲೇ ನನಗೆ ವಯಸ್ಸಾಯಿತು. ಹಿತ್ತಾಳೆ ಕಪ್ಪಿಟ್ಟಿದೆ, ತಳ ಕೊಳೆತಿದೆ. ಕಳೆದ ಮಳೆಗಾಲದಲ್ಲಿ ಒಂದು ದಿನ ಇಬ್ಬರು ಮುದುಕಿಯರು ಊಟಕ್ಕೆ ಬಂದರು. ಒಬ್ಬಳ ಕೈಯಲ್ಲಿ ಊರುಗೋಲು, ಅವಳು ಯುಡೋನ್. ಇನ್ನೊಬ್ಬಳ ಕೈಯಲ್ಲಿ ನೀರು ಸೋರುವ ಛತ್ರಿ. ಮುದಿ ಗುರುಪಾದಪ್ಪ ಅವರನ್ನು ಗುರುತು ಹಿಡಿದು, ಅಂಗಡಿ ಹೇಗಿದೆ ಎಂದು ವಿಚಾರಿಸಿದ. ಅವರಿಗೀಗ ಕಾಯಂ ಅಂಗಡಿಯಿದೆಯಂತೆ, ಕ್ಯಾಂಪಿನಲ್ಲಿ ಹಂಚಿನ ಮನೆಯಿದೆಯಂತೆ. ವಾಂಗ್ದು ಕ್ಯಾಂಪಿನ ವೃದ್ಧಾಶ್ರಮದಲ್ಲಿದ್ದಾನಂತೆ. ದಿನಾ ಇವರೇ ಫ್ಲಾಸ್ಕಿನಲ್ಲಿ ಚಹಾ ಕಳಿಸುತ್ತಾರಂತೆ. ಬೆಣ್ಣೆ ಜಾಸ್ತಿ ಹಾಕಿಯೇ ಕಳಿಸುತ್ತೇವೆ, ಎಂದಳು ಚೋಕಿ. ಆ ದನಿಯಲ್ಲಿ ಕರುಣೆ ಎಷ್ಟು, ತಾತ್ಸಾರ ಎಷ್ಟು ಎಂದು ತೂಗಲು ನನ್ನಿಂದಲೂ ಆಗಲಿಲ್ಲ.

ಗುರುಪಾದಪ್ಪ ಉದಾರಿಯಾಗಿ ನನ್ನನ್ನು ತೋರಿಸಿದ. "ನಿಮ್ಮ ಲಾಮಾಗೋಳ ಕಹಳೀ ಇದು. ಬೇಕಾದ್ರ ಒಯ್ರಿ ಅವ್ವಾರ, ಹಳೇದಾಗೇತಿ."

ಚೋಕಿ ನನ್ನನ್ನು ನೋಡಿದಳು. ಬಾಯಿಯ ಅಂಚನ್ನು, ಅರಗಿನ ಗೆರೆಯನ್ನು ನೋಡಿದಳು. ಗುರುತು ಸಿಕ್ಕಿತು, ಅದರಲ್ಲಿ ಅನುಮಾನವಿಲ್ಲ.

"ಬ್ಯಾಡ್ರಿ," ಎಂದಳು. "ನಮ್ಮ ಮನ್ಯಾಗ ಮಿಕ್ಸರ್ ಐತಿ."

ಕಹಳೆಗೂ ಮಿಕ್ಸರಿಗೂ ಏನು ಸಂಬಂಧವೆಂದು ತಿಳಿಯದೆ ಗುರುಪಾದಪ್ಪ ಬಾಯಿ ತೆರೆದು ನಿಂತ. ಅವಳು ಒದ್ದೆ ಛತ್ರಿಯನ್ನು ನನ್ನೊಳಗೆ ಇಳಿಬಿಟ್ಟು, ಯುಡೋನಳ ತೋಳು ಹಿಡಿದು ಒಳಗೆ ಹೋದಳು. ಉಂಡು ಬಂದವರೇ ಛತ್ರಿ ತೆಗೆದುಕೊಂಡರು. ಒಂದೇ ಛತ್ರಿಯಡಿ, ನಿನ್ನ ಹೆಗಲು ನೆನೆಯುತ್ತಿದೆ, ಇತ್ತ ಸರಿ ಎಂದು ಒಬ್ಬಳನ್ನೊಬ್ಬಳು ಬೈಯುತ್ತ ರಸ್ತೆ ದಾಟಿದರು.

ಚೋಕಿ ತಿರುಗಿ ನೋಡಲಿಲ್ಲ. ನೋಡಿದ್ದರೆ ಅವಳನ್ನೂ ನನ್ನ ತಾತ್ಸಾರಕ್ಕೆ ಸಿಕ್ಕ ಉಳಿದವರ ಸಾಲಿಗೆ ಸೇರಿಸಿಬಿಡುತ್ತಿದ್ದೆ.